ಹಳ್ಳದ ಪಂಪಿನ ಪ್ರೆಷರನ್ನು ಮನೆಯಲ್ಲೇ ತೋರಿಸುವ ಸೆಟ್: ಒಂದು ಹೂ ನೀರಿನ ಸೀಸನ್ ಬಳಸಿದ ಮೇಲೆ

ತೋಟದ ಪಂಪು ಒಂದು ಕಡೆ, ಮನೆ ಇನ್ನೊಂದು ಕಡೆ, ನಡುವೆ ಗುಡ್ಡ ಇರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಮ್ಮದು ಸಕಲೇಶಪುರದಿಂದ ಹಾನುಬಾಳು ಕಡೆ ಒಳಗೆ, ರೊಬಸ್ಟಾ ಕಾಫಿ ಮತ್ತು ಮೆಣಸು. ಪಂಪ್ ಮನೆ, ಅಂದರೆ ಪಂಪ್ ಇಟ್ಟಿರುವ ಕೋಣೆ, ಕೆಳಗೆ ಹಳ್ಳದ ಪಕ್ಕ ಇದೆ. ತೋಟದ ತಲೆಭಾಗ ಅಲ್ಲಿಂದ 45 ಮೀಟರ್ ಎತ್ತರ. ಅಲ್ಲಿಗೆ ಜೀಪು ಇಳಿಯುವುದಿಲ್ಲ, ಕಾಲುದಾರಿ. ಮೊಬೈಲ್ ಸಿಗ್ನಲ್ ಅಂತೂ ಇಲ್ಲವೇ ಇಲ್ಲ. ತ್ರೀ ಫೇಸ್ ಕರೆಂಟ್ ಎಷ್ಟೋ ಸಲ ರಾತ್ರಿಯೇ ಬರುತ್ತದೆ, ಮತ್ತು ರಾತ್ರಿ ಆ ದಾರಿಯಲ್ಲಿ ಆನೆ ಓಡಾಡುತ್ತದೆ. ಸಕಲೇಶಪುರ, ಆಲೂರು, ಬೇಲೂರು ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಪ್ರೆಷರ್ ಸರಿ ಇದೆಯಾ ಅಂತ ಮೀಟರ್ ನೋಡುವುದಕ್ಕೆ ಒಬ್ಬ ಮನುಷ್ಯನನ್ನು ಟಾರ್ಚ್ ಕೊಟ್ಟು ಕೆಳಗೆ ಕಳಿಸುವುದು ನನಗೆ ಯಾವತ್ತೂ ಸರಿ ಕಾಣುತ್ತಿರಲಿಲ್ಲ. ಈ ಸೆಟ್ ತಂದಿದ್ದು ಆ ಒಂದು ಕಾರಣಕ್ಕೆ.

ಮೊದಲೇ ಹೇಳಿಬಿಡುತ್ತೇನೆ, ಒಳ್ಳೆಯ ಸಾಮಾನು. ನಿಮ್ಮ ಪಂಪೂ ಇಂಥದೇ ಜಾಗದಲ್ಲಿದ್ದರೆ ತೆಗೆದುಕೊಳ್ಳಿ. ಆದರೆ ಡಬ್ಬಿ ಚೆನ್ನಾಗಿದ್ದರೆ ಸಾಲದು, ಅದನ್ನು ಪೈಪಿಗೆ ಎಲ್ಲಿ ಕೂರಿಸುತ್ತೀರಿ ಅನ್ನುವುದರ ಮೇಲೆ ಅರ್ಧಕ್ಕಿಂತ ಜಾಸ್ತಿ ನಿಂತಿದೆ. ಅದನ್ನು ಯಾರೂ ಹೇಳುವುದಿಲ್ಲವಾದ್ದರಿಂದ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಇದು ದೊಡ್ಡ ಕಂಪನಿಯ ಸೀಲು ಹೊಡೆದ ಸಾಮಾನಲ್ಲ. ಹಾಸನದಲ್ಲಿ ಒಂದು ಅಂಗಡಿಯವರು ಬೇರೆ ಬೇರೆ ಕಡೆಯ ಭಾಗ ತರಿಸಿ ಜೋಡಿಸಿ ಕೊಡುತ್ತಾರೆ. ಇದೇ ಥರದ್ದು ಚಿಕ್ಕಮಗಳೂರಿನಲ್ಲೂ ಸಿಗುತ್ತದೆ, ಆನ್‌ಲೈನ್‌ನಲ್ಲೂ ಸಿಗುತ್ತದೆ, ಒಳಗಿನ ಮಾಲು ಹೆಚ್ಚುಕಡಿಮೆ ಒಂದೇ. ಪೈಪಿಗೆ ಕಚ್ಚುವ ಪ್ರೆಷರ್ ಸೆನ್ಸರ್, ಪಂಪ್ ಮನೆಯ ಗೋಡೆಗೆ ಹೊಡೆಯುವ ರೇಡಿಯೋ ಡಬ್ಬಿ, ಮನೆಯಲ್ಲಿ ಇಡುವ ಸ್ಕ್ರೀನ್, ಇಷ್ಟು ಮೂಲ ಸೆಟ್. ನಮಗೆ ಗುಡ್ಡದ ಮೇಲೆ ಇನ್ನೊಂದು ರಿಪೀಟರ್, ಅಂದರೆ ಸಿಗ್ನಲ್ ಹಿಡಿದು ಮುಂದಕ್ಕೆ ಕಳಿಸುವ ಡಬ್ಬಿ, ಬೇಕಾಯಿತು. ಎಲ್ಲಾ ಸೇರಿ ₹20,000ದ ಆಸುಪಾಸು ಆಯಿತು, ಪ್ಲಂಬಿಂಗ್ ಖರ್ಚು ಬೇರೆ.

ಸೆನ್ಸರ್ ಕೈಯಲ್ಲಿ ಹಿಡಿದರೆ ಹೆಬ್ಬೆರಳಿಗಿಂತ ಸ್ವಲ್ಪ ದಪ್ಪ, ಸ್ಟೀಲಿನದ್ದು, ಒಂದು ತುದಿಯಲ್ಲಿ ಕಾಲು ಇಂಚಿನ ಥ್ರೆಡ್ಡು, ಇನ್ನೊಂದು ತುದಿಯಲ್ಲಿ ಕೇಬಲ್. ನೀರು ತಾಗುವ ಕಡೆ ಒಳಗೆ ಒಂದು ತೆಳು ಸ್ಟೀಲ್ ಪರದೆ ಇರುತ್ತದೆ. ನೀರು ತಳ್ಳಿದಾಗ ಅದು ಕಣ್ಣಿಗೆ ಕಾಣದಷ್ಟು ಬಾಗುತ್ತದೆ, ಹಿಂದೆ ಇರುವ ಸಣ್ಣ ಎಲೆಕ್ಟ್ರಾನಿಕ್ ಚಿಪ್ ಒಂದರ ರೆಸಿಸ್ಟೆನ್ಸ್ ಬದಲಾಗುತ್ತದೆ, ಅದನ್ನು 4ರಿಂದ 20 ಮಿಲಿ ಆಂಪ್ ಕರೆಂಟಾಗಿ ಹೊರಗೆ ಕಳಿಸುತ್ತದೆ. ಪ್ರೆಷರ್ ಸೊನ್ನೆ ಇದ್ದರೆ 4, ಪೂರ್ತಿ ಇದ್ದರೆ 20. ಸೊನ್ನೆಗೆ ಸೊನ್ನೆಯನ್ನೇ ಇಡದೆ 4 ಯಾಕೆ ಅಂತ ನಾನೂ ಕೇಳಿದ್ದೆ. ವೈರ್ ತುಂಡಾದರೆ ಕರೆಂಟ್ ಪೂರ್ತಿ ಸೊನ್ನೆ ಆಗುತ್ತದೆ. ಆಗ ಪೈಪಿನಲ್ಲಿ ಪ್ರೆಷರ್ ಇಲ್ಲವೋ ಅಥವಾ ವೈರೇ ಹೋಗಿದೆಯೋ ಅನ್ನುವುದು ತಕ್ಷಣ ಗೊತ್ತಾಗುತ್ತದೆ. ದೂರದಲ್ಲಿ ಕೂತು ನೋಡುವವನಿಗೆ ಇದು ಬಹಳ ಮುಖ್ಯ. ಹೋಗಿ ನೋಡಲಾಗದ ಜಾಗದ ಮೀಟರು ತಪ್ಪು ಹೇಳುವುದಕ್ಕಿಂತ "ನನಗೆ ಗೊತ್ತಿಲ್ಲ" ಅಂತ ಹೇಳುವುದು ಮೇಲು.

ಈ ಸೆಟ್ ನನಗೆ ಇಷ್ಟವಾಗಿದ್ದೂ ಆ ಗುಣಕ್ಕೇ. ಮನೆಯ ಸ್ಕ್ರೀನಿನಲ್ಲಿ ದೊಡ್ಡ ಅಂಕಿಯಲ್ಲಿ ಪ್ರೆಷರ್ ಬರುತ್ತದೆ, ಅದರ ಕೆಳಗೆ ಸಣ್ಣದಾಗಿ ಆ ಅಂಕಿ ಬಂದು ಎಷ್ಟು ಸೆಕೆಂಡ್ ಆಯಿತು ಅಂತ ಓಡುತ್ತಿರುತ್ತದೆ. ರೇಡಿಯೋ ಸಿಗದೆ ಎರಡು ನಿಮಿಷ ದಾಟಿದರೆ ದೊಡ್ಡ ಅಂಕಿ ಅಳಿಸಿಹೋಗಿ ಬರೀ ಗೆರೆ ಉಳಿಯುತ್ತದೆ. ಪಕ್ಕದ ತೋಟದವರ ಹತ್ತಿರ ಇರುವ ಬೇರೆ ಸೆಟ್ಟಿನಲ್ಲಿ ಹಾಗಿಲ್ಲ, ಲಿಂಕ್ ಕಡಿದರೂ ಕೊನೆಗೆ ಬಂದ ಅಂಕಿಯೇ ನಿಂತಿರುತ್ತದೆ. ಮೋಟರ್ ನಿಂತು ಎಷ್ಟೋ ಹೊತ್ತಾಗಿದ್ದರೂ ಸ್ಕ್ರೀನಿನಲ್ಲಿ ಚೆಂದವಾಗಿ ಎಂಟು ಕೆಜಿ! (ಒಂದು ಚದರ ಸೆಂಟಿಮೀಟರಿಗೆ ಇಷ್ಟು ಕೆಜಿ ಅನ್ನುವುದನ್ನೇ ನಾವು ಬರೀ ಕೆಜಿ ಅನ್ನುತ್ತೇವೆ.) ತೆಗೆದುಕೊಳ್ಳುವಾಗ ಅಂಗಡಿಯಲ್ಲೇ ರೇಡಿಯೋ ಡಬ್ಬಿಯ ಬ್ಯಾಟರಿ ತೆಗೆಸಿ ಸ್ಕ್ರೀನ್ ಏನು ಮಾಡುತ್ತದೆ ನೋಡಿ. ಬೇರೆ ಏನನ್ನೂ ಪರೀಕ್ಷೆ ಮಾಡದಿದ್ದರೂ ಇದನ್ನು ಮಾಡಿ.

ಪ್ರೆಷರ್ ಇಷ್ಟು ಮುಖ್ಯ ಯಾಕೆ ಅನ್ನುವುದು ಜೆಟ್, ಅಂದರೆ ತಿರುಗುತ್ತಾ ದೂರಕ್ಕೆ ನೀರು ಎಸೆಯುವ ದೊಡ್ಡ ಸ್ಪ್ರಿಂಕ್ಲರ್, ಓಡಿಸಿದವರಿಗೆ ಗೊತ್ತು. ರೊಬಸ್ಟಾಕ್ಕೆ ಫೆಬ್ರವರಿ ಮಾರ್ಚಿನಲ್ಲಿ ಮೊಗ್ಗು ಅರಳಿಸಲು ಹೂ ನೀರು ಕೊಡುತ್ತೇವೆ, ಒಂದರಿಂದ ಒಂದೂವರೆ ಇಂಚು. ಎಂಟು ಹತ್ತು ದಿನಕ್ಕೆ ಹೂ ಅರಳುತ್ತದೆ. ಆಮೇಲೆ ಹದಿನೈದು ಇಪ್ಪತ್ತು ದಿನಕ್ಕೆ ಬ್ಯಾಕಿಂಗ್ ನೀರು, ಅಂದರೆ ಎರಡನೇ ಸಲದ ನೀರು. ಹೂ ನೀರು ಅರ್ಧಂಬರ್ಧ ಬಿದ್ದ ಜಾಗದಲ್ಲಿ ಮೊಗ್ಗು ಪೂರ್ತಿ ಬಿಡಿಸುವುದಿಲ್ಲ, ಆ ವರ್ಷದ ಫಸಲು ಅಲ್ಲೇ ಹೋಯಿತು. ಜೆಟ್ಟಿನ ನಾಜಲ್ಲಿನಲ್ಲಿ ಪ್ರೆಷರ್ ಅರ್ಧ ಆದರೆ ನೀರು ಅರ್ಧ ಆಗುವುದಿಲ್ಲ, ಸುಮಾರು 70 ಪರ್ಸೆಂಟ್ ಬರುತ್ತಲೇ ಇರುತ್ತದೆ. ಅದಕ್ಕೇ ದೂರದಿಂದ ನೋಡಿದವನಿಗೆ ಜೆಟ್ ತಿರುಗುತ್ತಿದೆ, ಎಲ್ಲಾ ಸರಿ ಇದೆ ಅನ್ನಿಸುತ್ತದೆ. ಆದರೆ ಎಸೆತ ಗಿಡ್ಡ ಆಗಿರುತ್ತದೆ, ಹನಿ ದಪ್ಪ ಆಗಿರುತ್ತದೆ, ಒಂದು ಜೆಟ್ಟಿಗೂ ಮುಂದಿನ ಜೆಟ್ಟಿಗೂ ನಡುವೆ ಒಣ ಪಟ್ಟಿ ಉಳಿಯುತ್ತದೆ. ಪ್ರೆಷರ್ ತೀರಾ ಜಾಸ್ತಿ ಆದರೆ ನೀರು ಮಂಜಿನಂತೆ ಒಡೆದು ಗಾಳಿಗೆ ಹಾರಿಹೋಗುತ್ತದೆ. ಎರಡೂ ನಷ್ಟ.

ನಮ್ಮ ಲೆಕ್ಕ ಸುಲಭ. ನೀರು 10 ಮೀಟರ್ ಎತ್ತರ ನಿಂತರೆ ಬುಡದಲ್ಲಿ ಒಂದು ಕೆಜಿ ಪ್ರೆಷರ್. 45 ಮೀಟರಿಗೆ ನಾಲ್ಕೂವರೆ ಕೆಜಿ ಬರೀ ಎತ್ತರಕ್ಕೇ ಹೋಯಿತು. ಮೇಲೆ ಜೆಟ್ಟಿಗೆ ಮೂರು ಕೆಜಿ ಬೇಕು. ಪೈಪಿನ ಉಜ್ಜಾಟಕ್ಕೆ ಅರ್ಧ ಕೆಜಿ. ಒಟ್ಟು ಪಂಪಿನ ಡೆಲಿವರಿಯಲ್ಲಿ, ಅಂದರೆ ನೀರು ಹೊರಗೆ ಹೋಗುವ ಪೈಪಿನಲ್ಲಿ, ಎಂಟು ಕೆಜಿ ತೋರಿಸಿದರೆ ಮೇಲೆ ಎಲ್ಲಾ ಸರಿ ಇದೆ ಅಂತ ಅರ್ಥ. ಕೆಳಗಿನ ಬ್ಲಾಕಿಗೆ ನೀರು ಬಿಟ್ಟಾಗ ಈ ಅಂಕಿ ಕಡಿಮೆ ಇರುತ್ತದೆ. ಅದಕ್ಕೇ ಬ್ಲಾಕ್ ಬ್ಲಾಕಿಗೆ ಎಷ್ಟು ಬರಬೇಕು ಅಂತ ಒಂದು ಹಾಳೆಯಲ್ಲಿ ಬರೆದು ಸ್ಕ್ರೀನಿನ ಪಕ್ಕ ಅಂಟಿಸಿದ್ದೇವೆ. ಆ ಹಾಳೆ ಇಲ್ಲದಿದ್ದರೆ ಸ್ಕ್ರೀನ್ ಬರೀ ಅಂಕಿ ತೋರಿಸುವ ಡಬ್ಬಿ.

ಇನ್ನು ಕೂರಿಸುವ ವಿಷಯ. ಅಂಗಡಿಯವರು ಸೆನ್ಸರನ್ನು ಪಂಪಿನ ಬಾಯಿಯ ಪಕ್ಕದಲ್ಲೇ ಹಳೆ ಮೀಟರ್ ಇದ್ದ ತೂತಿಗೆ ಹಾಕಿಬಿಡೋಣ ಅಂದರು. ನಮ್ಮ ಪ್ಲಂಬರ್ ಒಪ್ಪಲಿಲ್ಲ, ಅವರು ಒಪ್ಪದಿದ್ದದ್ದೇ ಒಳ್ಳೆಯದಾಯಿತು. ಪಂಪಿನ ಬಾಯಿಯಲ್ಲಿ ನೀರು ಸುತ್ತಿಕೊಂಡು ಬರುತ್ತದೆ, ಅಂಕಿ ಕುಣಿಯುತ್ತದೆ. ಅವರು ನಾನ್ ರಿಟರ್ನ್ ವಾಲ್ವ್ (ನೀರು ಹಿಂದಕ್ಕೆ ಬರದಂತೆ ತಡೆಯುವ ವಾಲ್ವ್) ದಾಟಿ, ಬೆಂಡ್ ಇಲ್ಲದ ನೇರ ಪೈಪಿನಲ್ಲಿ, ಪೈಪಿನ ಪಕ್ಕೆಯಲ್ಲಿ ತೂತು ಹೊಡೆದರು. ಕೆಳಗೆ ಹೊಡೆದರೆ ಕೆಸರು ಕೂರುತ್ತದೆ, ಮೇಲೆ ಹೊಡೆದರೆ ಗಾಳಿ ಸೇರಿಕೊಳ್ಳುತ್ತದೆ, ಪಕ್ಕೆಯೇ ಸರಿ. ಪೈಪಿಗೂ ಸೆನ್ಸರಿಗೂ ನಡುವೆ ಒಂದು ಸಣ್ಣ ಬಾಲ್‌ವಾಲ್ವ್ ಹಾಕಿಸಿದೆವು. ಸೆನ್ಸರ್ ಬಿಚ್ಚಬೇಕಾದಾಗ ವಾಲ್ವ್ ತಿರುಗಿಸಿದರೆ ಸಾಕು, ಇಡೀ ಲೈನಿನ ನೀರು ಇಳಿಸಬೇಕಾಗಿಲ್ಲ. ಇದು ಸೆಟ್ಟಿನ ಜೊತೆ ಬರುವುದಿಲ್ಲ, ಬರಬೇಕಿತ್ತು.

ನಾನ್ ರಿಟರ್ನ್ ವಾಲ್ವ್ ದಾಟಿ ಹಾಕಿದ್ದರಿಂದ ಇನ್ನೊಂದು ಲಾಭ ಆಯಿತು. ಮೋಟರ್ ನಿಂತ ಮೇಲೂ ಪೈಪಿನಲ್ಲಿ ನೀರು ಮೇಲಿನವರೆಗೆ ನಿಂತಿರುತ್ತದೆ ಅಲ್ವಾ, ಆಗ ಸ್ಕ್ರೀನಿನಲ್ಲಿ ಸರಿಯಾಗಿ 4.5 ಬರಬೇಕು. ಎತ್ತರ ಬದಲಾಗುವುದಿಲ್ಲ, ಹಾಗಾಗಿ ಆ ಅಂಕಿಯೂ ಬದಲಾಗುವಂತಿಲ್ಲ. ಸೆನ್ಸರ್ ಸರಿ ಇದೆಯಾ ಅಂತ ನೋಡುವುದಕ್ಕೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ, ದುಡ್ಡೂ ಖರ್ಚಿಲ್ಲ. ಮೋಟರ್ ನಿಂತ ಮೇಲೆ 4.5ರಿಂದ ಅಂಕಿ ಮೆಲ್ಲಗೆ ಇಳಿಯುತ್ತಾ ಹೋದರೆ ವಾಲ್ವಿನಲ್ಲೋ ಪೈಪಿನಲ್ಲೋ ಎಲ್ಲೋ ಸೋರುತ್ತಿದೆ. ಮಾರ್ಚಿನಲ್ಲಿ ನಮಗೆ ಹಾಗೆಯೇ ಗೊತ್ತಾಯಿತು. ಬಿಚ್ಚಿ ನೋಡಿದರೆ ವಾಲ್ವಿನ ರಬ್ಬರಿಗೆ ಒಂದು ಕಡ್ಡಿ ಸಿಕ್ಕಿಕೊಂಡಿತ್ತು. ಮೊದಲಾದರೆ ಬೆಳಿಗ್ಗೆ ಮೋಟರ್ ಹಾಕಿದಾಗ ಪೈಪ್ ಖಾಲಿ ಇದ್ದು, ತುಂಬುವುದಕ್ಕೇ ಸಮಯ ಹೋಗಿ, ಯಾಕೆ ಅಂತ ತಿಳಿಯದೆ ಒದ್ದಾಡುತ್ತಿದ್ದೆವು.

ಸೆನ್ಸರಿನ ರೇಂಜ್ ಬಗ್ಗೆಯೂ ಹೇಳಬೇಕು. ನಮ್ಮದು ಎಂಟು ಕೆಜಿ, 10 ಕೆಜಿಯದ್ದು ಸಾಕಲ್ಲ ಅನ್ನಿಸುತ್ತದೆ, ಬೆಲೆಯಲ್ಲಿ ವ್ಯತ್ಯಾಸ ಏನೂ ಇಲ್ಲ. 16ರದ್ದೇ ತೆಗೆದುಕೊಳ್ಳಿ. ಕರೆಂಟ್ ಫಟ್ ಅಂತ ಹೋದಾಗ ಮೇಲೇರುತ್ತಿದ್ದ ನೀರು ನಿಂತು ಹಿಂದಕ್ಕೆ ಬಂದು ವಾಲ್ವಿಗೆ ಹೊಡೆಯುತ್ತದೆ. ಕಬ್ಬಿಣದ ಪೈಪಿನಲ್ಲಿ ಸೆಕೆಂಡಿಗೆ ಒಂದು ಮೀಟರ್ ಓಡುವ ನೀರು ಒಮ್ಮೆಗೇ ನಿಂತರೆ ಸುಮಾರು ಹತ್ತು ಕೆಜಿಯಷ್ಟು ಪೆಟ್ಟು ಬೀಳುತ್ತದೆ. ಪಿವಿಸಿ, ಎಚ್‌ಡಿಪಿಇ ಥರದ ಪ್ಲಾಸ್ಟಿಕ್ಕಿನಲ್ಲಿ ಪೈಪೇ ಸ್ವಲ್ಪ ಹಿಗ್ಗುವುದರಿಂದ ಪೆಟ್ಟು ಇದಕ್ಕಿಂತ ತುಂಬಾ ಕಡಿಮೆ. ಕರೆಂಟ್ ಹೋಗಿ ಬಂದು ಮಾಡುವ ನಮ್ಮ ಕಡೆ ಈ ಪೆಟ್ಟು ದಿನಾ ಬೀಳುತ್ತದೆ. ಹಳೆಯ ಮುಳ್ಳಿನ ಮೀಟರುಗಳು ವರ್ಷಕ್ಕೊಂದು ಹಾಳಾಗುತ್ತಿದ್ದದ್ದೂ ಇದಕ್ಕೇ.

ಪೆಟ್ಟು ತಡೆಯಲು ಸೆನ್ಸರಿನ ಮುಂದೆ ಸ್ನಬ್ಬರ್ ಅಂತ ಒಂದು ತುಂಡು ಕೊಡುತ್ತಾರೆ, ಒಳಗೆ ಸೂಜಿ ಮೊನೆಯಷ್ಟು ಸಣ್ಣ ದಾರಿ. ಬಾವಿ ನೀರಿಗೆ ಅದು ಸರಿ. ಹಳ್ಳದ ನೀರಿಗೆ ಅಲ್ಲ. ಸ್ವಲ್ಪ ದಿನದಲ್ಲೇ ಅದಕ್ಕೆ ಕೆಸರು ಕಟ್ಟಿತು. ಗೊತ್ತಾಗಿದ್ದು ಹೇಗೆ ಅಂದರೆ, ಕರೆಂಟ್ ಹೋಗಿ ಮನೆಯಲ್ಲೆಲ್ಲ ಕತ್ತಲೆ, ಸ್ಕ್ರೀನ್ ಮಾತ್ರ ಬ್ಯಾಟರಿಯಲ್ಲಿ ಓಡುತ್ತಾ 7.9 ತೋರಿಸುತ್ತಿದೆ. ಸೆಕೆಂಡಿನ ಲೆಕ್ಕ ಸರಿಯಾಗಿ ಓಡುತ್ತಿದೆ, ಲಿಂಕ್ ಇದೆ. 7.9, ಆಮೇಲೆ 7.8, ತುಂಬಾ ಹೊತ್ತಿನ ಮೇಲೆ 7.6. ಒಳಗೆ ಸಿಕ್ಕಿಕೊಂಡ ಪ್ರೆಷರ್ ಆ ಸಣ್ಣ ದಾರಿಯಲ್ಲಿ ಹೊರಗೆ ಬರಲಾರದೆ ನಿಂತಿತ್ತು. ರೇಡಿಯೋ, ಬ್ಯಾಟರಿ, ಸೆನ್ಸರ್ ಎಲ್ಲಾ ಸರಿ, ಆದರೂ ಅಂಕಿ ತಪ್ಪು. ಅಂಗಡಿಯವರಿಗೆ ಹೇಳಿದ ಮೇಲೆ ದಾರಿ ದೊಡ್ಡದಿರುವ ಸ್ನಬ್ಬರ್ ಬದಲಾಯಿಸಿ ಕೊಟ್ಟರು, ದುಡ್ಡು ತೆಗೆದುಕೊಳ್ಳಲಿಲ್ಲ. ಹಳ್ಳ, ಕೆರೆ ನೀರಿನವರು ಮೊದಲೇ ಕೇಳಿ ಅದನ್ನೇ ಹಾಕಿಸಿ.

ಇನ್ನೊಂದು ಸಣ್ಣ ವಿಷಯ, ಘಟ್ಟದ ಕಡೆಯವರಿಗೆ ಮಾತ್ರ. ಡಬ್ಬಿ ಬಿಚ್ಚಿ ಮೇಜಿನ ಮೇಲೆ ಇಟ್ಟು ಆನ್ ಮಾಡಿದರೆ, ಯಾವ ಪೈಪಿಗೂ ಹಾಕದೆ, ಸ್ಕ್ರೀನಿನಲ್ಲಿ ಮೈನಸ್ 0.11 ಬಂತು. ಸೆನ್ಸರ್ ಕೆಟ್ಟಿದೆ ಅಂತ ವಾಪಸ್ ಕೊಡಬೇಡಿ. ಸುಮಾರು ಸೆನ್ಸರುಗಳ ಒಳಗೆ ಸಮುದ್ರ ಮಟ್ಟದ ಗಾಳಿಯ ಒತ್ತಡವನ್ನೇ ಸೊನ್ನೆ ಅಂತ ಇಟ್ಟು ಸೀಲ್ ಮಾಡಿರುತ್ತಾರೆ. ನಾವಿರುವುದು 950 ಮೀಟರ್ ಹತ್ತಿರ ಎತ್ತರದಲ್ಲಿ. ಇಲ್ಲಿ ಗಾಳಿಯ ಒತ್ತಡ ಅಷ್ಟು ಕಡಿಮೆ. ಮೆನುವಿನಲ್ಲಿ ಸೊನ್ನೆ ಸರಿ ಮಾಡಿದರೆ ಮುಗಿಯಿತು. ಎಂಟು ಕೆಜಿ ನೋಡುವ ಜಾಗದಲ್ಲಿ ಇದು ಲೆಕ್ಕಕ್ಕಿಲ್ಲ. ಆದರೆ ಇದೇ ಥರದ ಸೆನ್ಸರನ್ನು ಟ್ಯಾಂಕಿನ ನೀರಿನ ಮಟ್ಟ ನೋಡಲು ಹಾಕುವವರಿಗೆ ಒಂದು ಮೀಟರಿಗಿಂತ ಜಾಸ್ತಿ ವ್ಯತ್ಯಾಸ ಬರುತ್ತದೆ. ಅವರು ಕೇಬಲ್ಲಿನ ಒಳಗೆ ಗಾಳಿಯ ಸಣ್ಣ ಕೊಳವೆ ಇರುವ ಸೆನ್ಸರನ್ನೇ ಕೇಳಿ ತೆಗೆದುಕೊಳ್ಳಬೇಕು. ಬೋರ್‌ವೆಲ್ಲಿಗೆ ಇಳಿಬಿಡುವುದೂ ಅದನ್ನೇ.

ರೇಡಿಯೋ ಲೋರಾ ಥರದ್ದು, ಅಂದರೆ ಕಡಿಮೆ ಬ್ಯಾಟರಿಯಲ್ಲಿ ಸಣ್ಣ ಮಾಹಿತಿಯನ್ನು ದೂರಕ್ಕೆ ಕಳಿಸುವಂಥದ್ದು, 865ರಿಂದ 867 ಮೆಗಾಹರ್ಟ್ಸ್. ಇದಕ್ಕೆ ಲೈಸೆನ್ಸ್ ಬೇಡ, ಸಿಮ್ ಬೇಡ, ತಿಂಗಳ ರೀಚಾರ್ಜ್ ಇಲ್ಲ. ಡಬ್ಬದ ಮೇಲೆ ಐದು ಕಿಲೋಮೀಟರ್ ಅಂತ ಬರೆದಿದ್ದಾರೆ. ಅದು ಅರಸೀಕೆರೆ ಕಡೆಯ ಬಯಲಿನಲ್ಲಿ ಇರಬಹುದು. ನಮ್ಮ ಹಳ್ಳದಿಂದ ಮನೆಗೆ ಒಂದು ಕಿಲೋಮೀಟರ್ ಕೂಡ ಇಲ್ಲ, ಆದರೆ ನಡುವೆ ಗುಡ್ಡದ ಹೆಗಲು, ಅದರ ಮೇಲೆ ಸಿಲ್ವರ್ ಓಕ್, ಹಲಸು, ಅತ್ತಿ. ಒಂದು ಅಂಕಿಯೂ ಬರಲಿಲ್ಲ. ಗುಡ್ಡದ ಮೇಲಿನ ನೀರಿನ ಟ್ಯಾಂಕಿನ ಹತ್ತಿರ ಕಂಬ ನೆಟ್ಟು ರಿಪೀಟರ್ ಹಾಕಿದ ಮೇಲೆಯೇ ಬಂದದ್ದು. ಆ್ಯಂಟೆನಾ ಕಾಫಿ ಗಿಡದ ಮಟ್ಟದಿಂದ ಮೇಲಿರಬೇಕು, ನೆಟ್ಟಗೆ ನಿಂತಿರಬೇಕು, ಟಿನ್ ಶೀಟಿಗೆ ತಾಗಿರಬಾರದು. ಆಮೇಲಿಂದ ಲಿಂಕ್ ಗಟ್ಟಿ. ಏಪ್ರಿಲ್ ಮಳೆ ಜೋರಾಗಿ ಬಂದಾಗ ಎರಡು ಮೂರು ಅಂಕಿ ತಪ್ಪುತ್ತದೆ, ಆದರೆ ಮಳೆ ಬಂದಾಗ ಜೆಟ್ ಓಡಿಸುವವರು ಯಾರು?

ವೈರ್ ಎಳೆದರೆ ಆಗುವುದಿಲ್ಲವೇ ಅಂತ ನಮ್ಮ ಚಿಕ್ಕಪ್ಪ ಕೇಳಿದರು. ಆಗುತ್ತದೆ. 4-20 ಮಿಲಿ ಆಂಪ್ ಸಿಗ್ನಲ್ಲಿನ ದೊಡ್ಡ ಗುಣವೇ ಅದು, ವೈರ್ ಉದ್ದ ಆದರೂ ಕರೆಂಟ್ ಅಷ್ಟೇ ಇರುತ್ತದೆ, ಅಂಕಿ ಬದಲಾಗುವುದಿಲ್ಲ. ಫ್ಯಾಕ್ಟರಿಗಳಲ್ಲಿ ಹಾಗೇ ಎಳೆಯುತ್ತಾರೆ. ಆದರೆ ತೋಟದಲ್ಲಿ ಅಷ್ಟು ಉದ್ದದ ವೈರ್ ಎಂದರೆ ಏಪ್ರಿಲ್ ಸಿಡಿಲಿಗೆ ಆಹ್ವಾನ ಕೊಟ್ಟ ಹಾಗೆ. ಕಾಡುಹಂದಿ ಕೀಳುತ್ತದೆ, ಗುಂಡಿ ತೆಗೆಯುವವರ ಗುದ್ದಲಿ ತಾಗುತ್ತದೆ. ಪಂಪ್ ಮನೆಯ ಒಳಗಿಂದ ಹೊರಗಿನ ಗೋಡೆವರೆಗೆ ಮೀಟರ್ ತರಬೇಕು ಅಷ್ಟೇ ಅನ್ನುವವರಿಗೆ ಕ್ಯಾಪಿಲರಿ ಮೀಟರ್ ಸಾಕು. ತೆಳ್ಳನೆ ತಾಮ್ರದ ಅಥವಾ ಸ್ಟೀಲಿನ ಕೊಳವೆ, ಒಳಗೆ ಎಣ್ಣೆ ತುಂಬಿರುತ್ತದೆ, ಕರೆಂಟೇ ಬೇಡ. ಕೆಲವೇ ಮೀಟರ್ ದೂರಕ್ಕೆ ಅದು ಸರಿ. ಮುಳ್ಳಿನ ಮೀಟರಿಗೇ ಸಿಸಿ ಕ್ಯಾಮೆರಾ ತಿರುಗಿಸಿಟ್ಟವರನ್ನೂ ಮೂಡಿಗೆರೆ ಕಡೆ ನೋಡಿದ್ದೇನೆ. ನೆಟ್‌ವರ್ಕ್ ಇರುವ ಜಾಗಕ್ಕೆ ಅದೂ ನಡೆಯುತ್ತದೆ, ಅಲಾರಂ ಮಾತ್ರ ಹೊಡೆಯುವುದಿಲ್ಲ.

ಬಹಳ ಜನ ಕೇಳುವುದು ಮೊಬೈಲ್ ಸ್ಟಾರ್ಟರ್ (ಫೋನಿನಿಂದಲೇ ಮೋಟರ್ ಆನ್ ಆಫ್ ಮಾಡುವ ಸಾಮಾನು) ಇದ್ದರೆ ಇದು ಯಾಕೆ ಬೇಕು ಅಂತ. ಸಿಗ್ನಲ್ ಇರುವವರಿಗೆ ಅದು ಒಳ್ಳೆಯ ಸಾಮಾನೇ. ಆದರೆ ಅದು ಹೇಳುವುದು ಮೋಟರ್ ಸುದ್ದಿ, ಎಷ್ಟು ಆಂಪ್ ಎಳೆಯುತ್ತಿದೆ, ಫೇಸ್ ಇದೆಯಾ ಇಲ್ಲವಾ. ನೀರಿನ ಸುದ್ದಿ ಬೇರೆ. ಎರಡನ್ನೂ ಒಟ್ಟಿಗೆ ನೋಡಿದರೆ ಕೆಳಗೆ ಏನಾಗಿದೆ ಅಂತ ಕೂತಲ್ಲೇ ಹೇಳಬಹುದು. ಪ್ರೆಷರ್ ಬಿದ್ದು ಆಂಪ್ ಏರಿದರೆ ಪೈಪ್ ಎಲ್ಲೋ ಕಳಚಿದೆ, ಪಂಪು ತಡೆಯಿಲ್ಲದೆ ನೀರು ಚೆಲ್ಲುತ್ತಿದೆ. ಪ್ರೆಷರ್ ಏರಿ ಆಂಪ್ ಇಳಿದರೆ ಗೇಟ್‌ವಾಲ್ವ್ ಮುಚ್ಚಿದೆ ಅಥವಾ ಜೆಟ್ಟುಗಳು ಕಟ್ಟಿಕೊಂಡಿವೆ. ಎರಡೂ ಬಿದ್ದರೆ ಸಕ್ಷನ್ (ಹಳ್ಳದಿಂದ ನೀರು ಎಳೆಯುವ ಪೈಪು) ಗಾಳಿ ಎಳೆದಿದೆ, ತಕ್ಷಣ ನಿಲ್ಲಿಸಬೇಕು, ಇಲ್ಲದಿದ್ದರೆ ಸೀಲ್ ಸುಟ್ಟುಹೋಗುತ್ತದೆ. ಸಕ್ಷನ್ ಪೂರ್ತಿ ಬಿಡುವ ಮೊದಲೇ ಪ್ರೆಷರ್ ಗ್ರಾಫಿನ ಗೆರೆ ಗರಗಸದ ಹಲ್ಲಿನಂತೆ ಆಗುತ್ತದೆ. ಮಾರ್ಚಿನಲ್ಲಿ ಹಳ್ಳದ ನೀರು ಇಳಿದಾಗ ಆ ಹಲ್ಲು ನೋಡಿಯೇ ಫುಟ್‌ವಾಲ್ವ್ (ಸಕ್ಷನ್ ಪೈಪಿನ ತುದಿಯ ವಾಲ್ವ್) ಇನ್ನೂ ಆಳಕ್ಕೆ ಇಳಿಸಿದೆವು. ನಮ್ಮ ಎತ್ತರದಲ್ಲಿ ಗಾಳಿ ಒತ್ತುವ ಬಲ ಕಡಿಮೆ, ಸಮುದ್ರ ಮಟ್ಟದಲ್ಲಿ ಲೆಕ್ಕಕ್ಕೆ 10.3 ಮೀಟರ್ ಸಕ್ಷನ್ ಅಂದರೆ ಇಲ್ಲಿ 9.2ರ ಹತ್ತಿರ, ಅದರಲ್ಲೂ ಕೆಲಸಕ್ಕೆ ಬರುವುದು ಆರು ಮೀಟರ್ ಅಂದುಕೊಳ್ಳಿ.

ಈ ಸೆಟ್ಟಿಗೆ ಸ್ವಲ್ಪ ದುಡ್ಡು ಸೇರಿಸಿದರೆ ಮನೆಯಿಂದಲೇ ಮೋಟರ್ ಆಫ್ ಮಾಡುವ ರಿಲೇ ಕೊಡುತ್ತಾರೆ. ಆಫ್ ಮಾತ್ರ, ಆನ್ ಇಲ್ಲ. ಆನ್ ಯಾಕಿಲ್ಲ ಅಂದರೆ, ಕೆಳಗೆ ಯಾರಾದರೂ ಪಂಪಿಗೆ ಕೈ ಹಾಕಿಕೊಂಡಿದ್ದಾಗ ಮೇಲಿಂದ ಆನ್ ಮಾಡಿಬಿಟ್ಟರೆ ಏನು ಗತಿ ಅಂದರು. ಅಂಗಡಿಯವರ ಈ ಮಾತು ನನಗೆ ತುಂಬಾ ಹಿಡಿಸಿತು.

ಆ ಆಫ್ ಬಟನ್ ದುಡ್ಡಿಗೆ ಮೋಸ ಮಾಡಲಿಲ್ಲ. ಫೆಬ್ರವರಿ ಕೊನೆಯಲ್ಲಿ ಒಂದು ರಾತ್ರಿ, ಒಂದು ಗಂಟೆ ದಾಟಿತ್ತು, ಎಂಟು ಇದ್ದದ್ದು ಮೂರಕ್ಕೆ ಬಿದ್ದು ಅಲಾರಂ ಹೊಡೆಯಿತು. ಆನೆ ಈ ಕಡೆಯೇ ಇದೆ ಅಂತ ಅರಣ್ಯ ಇಲಾಖೆಯ ಮೆಸೇಜ್ ಸಂಜೆಯೇ ಬಂದಿತ್ತು. ಕೂತಲ್ಲಿಂದಲೇ ಆಫ್ ಮಾಡಿದೆ. ಅಂಕಿ ಎರಡಕ್ಕೆ ಬಂದು ನಿಂತಿತು. ಎರಡು ಅಂದರೆ 20 ಮೀಟರ್ ಎತ್ತರದವರೆಗೆ ಮಾತ್ರ ಪೈಪಿನಲ್ಲಿ ನೀರಿದೆ, ಅಂದರೆ ಕಳಚಿರುವುದು ಅಲ್ಲೇ, ಹಳೆ ಮಾವಿನ ಮರದ ಮಟ್ಟದಲ್ಲಿ. ಬೆಳಿಗ್ಗೆ ಮೇಸ್ತ್ರಿ ನೇರ ಅಲ್ಲಿಗೇ ಹೋದರು. ಅಲ್ಯೂಮಿನಿಯಂ ಪೈಪಿನ ಕಪ್ಲಿಂಗ್ ಬಿಟ್ಟು, ಮೇಲಿನ ಪೈಪು ಪಕ್ಕಕ್ಕೆ ಬಿದ್ದಿತ್ತು. ಪಕ್ಕದಲ್ಲೇ ಆನೆ ಹೆಜ್ಜೆ. ಮೊದಲಿನ ಹಾಗಾಗಿದ್ದರೆ ರಾತ್ರಿಯೆಲ್ಲಾ ನೀರು ಆ ಇಳಿಜಾರಿನಲ್ಲಿ ಹರಿದು ಗಿಡದ ಬುಡದ ಮಣ್ಣೆಲ್ಲಾ ಹಳ್ಳಕ್ಕೆ ಹೋಗುತ್ತಿತ್ತು, ಇಲ್ಲವೇ ಒಬ್ಬರು ಟಾರ್ಚ್ ಹಿಡಿದು ಪೈಪಿನ ಜೊತೆಯಲ್ಲೇ ನಡೆದು ಹೋಗುತ್ತಿದ್ದರು. ಆ ಹೆಜ್ಜೆ ನೋಡಿದ ಮೇಲೆ ಇದಕ್ಕೆ ಕೊಟ್ಟ ದುಡ್ಡಿನ ಲೆಕ್ಕ ಹಾಕುವುದನ್ನು ಬಿಟ್ಟೆ.

ಹಾಸನದವರಿಗೆ ಇದೆಲ್ಲಾ ಹೊಸದೂ ಅಲ್ಲ. ಊರಿನಲ್ಲೇ ಇರುವ ಇಸ್ರೋದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ 1982ರಿಂದ ಇನ್ಸಾಟ್, ಜಿಸ್ಯಾಟ್ ಉಪಗ್ರಹಗಳನ್ನು ನೋಡಿಕೊಳ್ಳುತ್ತಿದೆ. 36,000 ಕಿಲೋಮೀಟರ್ ಮೇಲಿರುವ ಉಪಗ್ರಹಕ್ಕೆ ಯಾರೂ ಹೋಗಿ ಮೀಟರ್ ನೋಡಲಾಗುವುದಿಲ್ಲ. ಉಪಗ್ರಹದಲ್ಲಿ ಇನ್ನೆಷ್ಟು ಇಂಧನ ಉಳಿದಿದೆ ಅಂತ ಲೆಕ್ಕ ಹಾಕುವ ಒಂದು ದಾರಿ, ಟ್ಯಾಂಕಿನ ಪ್ರೆಷರ್ ಮತ್ತು ಶಾಖವನ್ನು ರೇಡಿಯೋದಲ್ಲಿ ತರಿಸಿಕೊಂಡು ನೋಡುವುದು. ನಮ್ಮ ಹಳ್ಳದ ಡಬ್ಬಿ ಮಾಡುವುದೂ ಅದೇ ಕೆಲಸದ ಸಣ್ಣ ರೂಪ ಅಂತ ಯೋಚಿಸಿದರೆ ಖುಷಿಯಾಗುತ್ತದೆ.

ಸರಿ ಇಲ್ಲದ್ದನ್ನೂ ಹೇಳಬೇಕು. ಕರೆಂಟ್ ಹೋದಾಗ ಬೀಳುವ ನೀರಿನ ಪೆಟ್ಟು ಇದರಲ್ಲಿ ಕಾಣುವುದಿಲ್ಲ. ಅದು ಒಂದೆರಡು ಸೆಕೆಂಡಿನ ಆಟ, ಡಬ್ಬಿ ಅಂಕಿ ಕಳಿಸುವುದು ಮೋಟರ್ ಓಡುವಾಗ ಅರ್ಧ ನಿಮಿಷಕ್ಕೊಮ್ಮೆ. ಪೈಪ್ ಯಾಕೆ ಪದೇ ಪದೇ ಒಡೆಯುತ್ತಿದೆ ಅಂತ ಕಂಡುಹಿಡಿಯಲು ಇದನ್ನು ತಂದರೆ ಪ್ರಯೋಜನ ಇಲ್ಲ. ಅಲಾರಂ ತಡಮಾಡುವ ಸಮಯ ಬರುವಾಗಲೇ ತೀರಾ ಕಡಿಮೆ ಇಟ್ಟಿರುತ್ತಾರೆ. ಖಾಲಿ ಲೈನ್ ತುಂಬಿ ಪ್ರೆಷರ್ ಏರಲು ನಮಗೆ ಹತ್ತು ನಿಮಿಷ ಬೇಕು, ಅಷ್ಟರೊಳಗೆ ಅದು ಕೂಗಿಕೊಳ್ಳುತ್ತಿತ್ತು. ಬದಲಾಯಿಸಬಹುದು, ಆದರೆ ಮೆನು ಪೂರ್ತಿ ಇಂಗ್ಲಿಷಿನಲ್ಲಿದೆ. ನಮ್ಮ ಪಂಪಿನ ಹುಡುಗನಿಗೆ ಕನ್ನಡ ಚೆನ್ನಾಗಿ ಓದಲು ಬರುತ್ತದೆ, ಪ್ರೆಷರ್ ವಿಷಯ ನನಗಿಂತ ಚೆನ್ನಾಗಿ ಗೊತ್ತು. ಕೆಲಸ ಮಾಡುವವನೇ ಸೆಟ್ಟಿಂಗ್ ಮಾಡಲಾಗದ ಹಾಗೆ ಇರುವುದು ಸರಿಯಲ್ಲ. ಇಲ್ಲೇ ಹಾಸನದಲ್ಲಿ ಜೋಡಿಸುವವರು ಕನ್ನಡ ಹಾಕಿಕೊಡಬಹುದು, ಹಾಕಲೇಬೇಕು. ಅವರಿಗೂ ಹೇಳಿದ್ದೇನೆ.

ಸೋಲಾರ್ ಪ್ಯಾನಲ್ ಹಳ್ಳದಲ್ಲಿ ಕೆಲಸಕ್ಕೆ ಬರುವುದಿಲ್ಲ. ಮರದ ನೆರಳಿನಲ್ಲಿ ಬಿಸಿಲು ಬೀಳುವುದು ಮಧ್ಯಾಹ್ನ ಸ್ವಲ್ಪ ಹೊತ್ತು ಮಾತ್ರ. ಪಂಪ್ ಮನೆಯ ಕರೆಂಟಿನಿಂದಲೇ ಬ್ಯಾಟರಿ ಚಾರ್ಜ್ ಮಾಡಿಸಿಕೊಳ್ಳಿ, ರಿಪೀಟರಿಗೆ ಮಾತ್ರ ಸೋಲಾರ್. ಡಬ್ಬಿಯ ಕೇಬಲ್ ತೂತುಗಳು ಕೆಳಮುಖವಾಗಿರಲಿ. ಐಪಿ 67 (ನೀರು, ಧೂಳು ಒಳಗೆ ಹೋಗದು ಅನ್ನುವ ಗುರುತು) ಅಂತ ಬರೆದಿರುವುದು ಸೆನ್ಸರಿಗೆ, ರೇಡಿಯೋ ಡಬ್ಬಿಗೆ ಅಲ್ಲ. ಇರುವೆ ಒಳಗೆ ಗೂಡು ಕಟ್ಟುತ್ತದೆ, ಜಾಯಿಂಟಿಗೆಲ್ಲ ಸಿಲಿಕಾನ್ ಹಚ್ಚಿ. ಜೂನ್ ಮಳೆ ಹಿಡಿಯುವ ಮೊದಲು ನಾವು ಸೆನ್ಸರ್, ಡಬ್ಬಿ ಎರಡನ್ನೂ ಬಿಚ್ಚಿ ಮನೆಗೆ ತಂದಿಟ್ಟೆವು. ಹಳ್ಳ ಉಕ್ಕಿದರೆ ಪಂಪ್ ಮನೆಯೊಳಗೂ ನೀರು ಬರುತ್ತದೆ.

ಯಾರಿಗೆ ಬೇಡ ಅಂದರೆ, ಕೆರೆ ದಡದಲ್ಲಿ ಪಂಪ್ ಇದ್ದು ಮನೆಯಿಂದ ನಡೆದು ಹೋಗುವಷ್ಟೇ ದೂರ ಇರುವವರಿಗೆ ಬೇಡ. ಗ್ಲಿಸರಿನ್ ತುಂಬಿದ ಒಳ್ಳೆಯ ಮುಳ್ಳಿನ ಮೀಟರ್ ಹಾಕಿಸಿ, ಸಾವಿರ ರೂಪಾಯಿ ಒಳಗೆ ಮುಗಿಯುತ್ತದೆ. ಸೆಟ್ ಹಾಕಿಸಿದವರೂ ಸೆನ್ಸರಿನ ಪಕ್ಕದಲ್ಲಿ ಅಂಥದ್ದೊಂದು ಇಟ್ಟುಕೊಳ್ಳಬೇಕು. ಕೆಳಗೆ ಕೆಲಸ ಮಾಡುವವರು ಅಲ್ಲೇ ನೋಡಬೇಕಲ್ಲ.

ತೆಗೆದುಕೊಳ್ಳುವವರು ಅಂಗಡಿಗೆ ಹೋಗುವಾಗ ಮೂರು ವಿಷಯ ಬರೆದುಕೊಂಡು ಹೋಗಿ: ಪಂಪಿನಿಂದ ಮೇಲಿನ ಜೆಟ್ಟಿಗೆ ಎತ್ತರ ಎಷ್ಟು, ಡೆಲಿವರಿ ಪೈಪು ಯಾವುದು ಎಷ್ಟು ಇಂಚು, ಪಂಪ್ ಮನೆಯ ಹತ್ತಿರ ನಿಂತರೆ ಮನೆ ಕಾಣುತ್ತದಾ ಇಲ್ಲವಾ. ಕಾಣದಿದ್ದರೆ ರಿಪೀಟರ್ ದುಡ್ಡು ಮೊದಲೇ ಸೇರಿಸಿಕೊಳ್ಳಿ. ಅಂಗಡಿಯವರು ಹಾಕಿಕೊಡಲು ಬರುತ್ತಾರೆ, ಆದರೆ ಜನವರಿ ಮುಗಿದ ಮೇಲೆ ಕೇಳಿದರೆ ಅವರು ಸಿಗುವುದಿಲ್ಲ, ಎಲ್ಲರಿಗೂ ಆಗಲೇ ನೆನಪಾಗುವುದು. ಕಾಫಿ ಕುಯ್ಲು ನಡೆಯುವಾಗಲೇ ಒಂದು ದಿನ ಬಿಡುವು ಮಾಡಿಕೊಂಡು ಪೈಪಿಗೆ ತೂತು, ಬಾಲ್‌ವಾಲ್ವ್ ಕೆಲಸ ಮುಗಿಸಿಟ್ಟುಕೊಳ್ಳಿ.